ಗಾಯವೇ ಆಗಿಲ್ಲವಲ್ಲ, ಬಿಟ್ಬಿಡಿ ಅನ್ನುವವರಿಗೆ...

ಹೋದ ಭಾನುವಾರ ಬೆಳಗ್ಗೆ ನಮ್ಮನೆ ಪುಟ್ಟಿ ಬಾಲ್ಕನಿಯಿಂದ ಒಂದು ಸೂರಕ್ಕಿಯನ್ನು ಕಚ್ಚಿಕೊಂಡು ಒಳಗೆ ಬಂತು. ಪುಟ್ಟಿ ಅಂದ್ರೆ ನಾನು ಎರಡು ವರ್ಷದಿಂದ ಸಾಕಿರುವ ಬೆಕ್ಕು. ಕಾಫಿ ಲೋಟ ಕೆಳಗಿಟ್ಟು ಓಡಿಹೋಗಿ ಬಿಡಿಸಿದೆ. ಹಕ್ಕಿ ಬದುಕಿತ್ತು! ಹತ್ತು ಸೆಂಟಿಮೀಟರ್ ಕೂಡ ಇಲ್ಲದ ಜೀವ, ಅಂಗೈಯಲ್ಲಿಟ್ಟುಕೊಂಡರೆ ಭಾರವೇ ಗೊತ್ತಾಗುವುದಿಲ್ಲ. ಎದೆ ಮಾತ್ರ ಡವಡವ ಅಂತ ಹೊಡೆದುಕೊಳ್ಳುತ್ತಿತ್ತು. ತಿರುಗಿಸಿ ನೋಡಿದೆ, ಒಂದು ಹನಿ ರಕ್ತ ಇಲ್ಲ. 'ಸದ್ಯ, ಬದುಕಿಕೊಳ್ತು' ಅಂದುಕೊಂಡೆ.

ಊರಿಗೆ ಫೋನ್ ಮಾಡಿದರೆ ಅಮ್ಮ "ಚೂರು ಅರಿಶಿನ ಹಚ್ಚಿ ಬಿಡು, ಸರಿ ಹೋಗತ್ತೆ" ಅಂದಳು. ಪಕ್ಕದ ಮನೆ ಅಂಕಲ್ "ಗಾಯವೇ ಆಗಿಲ್ವಲ್ಲಪ್ಪ. ಬೆಕ್ಕು ಹಕ್ಕಿ ಹಿಡಿಯೋದು ಪ್ರಕೃತಿ ನಿಯಮ, ನೀನ್ಯಾಕೆ ತಲೆ ಕೆಡಿಸ್ಕೊಳ್ತೀಯ" ಅಂದರು. ರೂಮ್‌ಮೇಟ್ ಹಾಸಿಗೆಯಿಂದ ಏಳದೆಯೇ "ಸಕ್ಕರೆ ನೀರು ಕುಡಿಸು ಮಗಾ" ಅಂದ. ನಾನು ಇಂಜಿನಿಯರಿಂಗ್ ಓದಿದವನು, ಮೂವರ ಮಾತನ್ನೂ ಕೇಳಿದೆ! ಅರಿಶಿನ ಹಚ್ಚಿದೆ, ಡ್ರಾಪರ್‌ನಲ್ಲಿ ಸಕ್ಕರೆ ನೀರು ಹಾಕಿದೆ, ಶೂ ಡಬ್ಬಿಯಲ್ಲಿ ಮಲಗಿಸಿದೆ. ಸೋಮವಾರ ಬೆಳಗ್ಗೆ ಡಬ್ಬಿ ತೆರೆದರೆ ಹಕ್ಕಿ ಸೆಟೆದುಕೊಂಡು ಬಿದ್ದಿತ್ತು.

ಬೆಕ್ಕು ಕೊಂದಿತು ಅಂತ ಹೇಳಿ ಕೈ ತೊಳೆದುಕೊಳ್ಳಬಹುದಿತ್ತು. ಆದರೆ ಆ ಹಕ್ಕಿ ಬೆಕ್ಕಿನ ಬಾಯಲ್ಲಿ ಇದ್ದದ್ದು ಒಂದು ನಿಮಿಷ. ನನ್ನ ಡಬ್ಬಿಯಲ್ಲಿ ಇದ್ದದ್ದು ಇಪ್ಪತ್ತು ಗಂಟೆಗೂ ಹೆಚ್ಚು.

ಆಮೇಲೆ ಕೂತು ಓದಿದೆ. ಮೊದಲೇ ಓದಬೇಕಿತ್ತು. ಓದಿದ ಮೇಲೆ ಈ ಮೂರೂ ಮಾತುಗಳ ಮೇಲೆ ನನಗೆ ಸಿಟ್ಟು ಬಂದಿದೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲನೆಯದು, 'ಗಾಯವೇ ಆಗಿಲ್ಲ'. ಬೆಕ್ಕಿನ ಕೋರೆಹಲ್ಲು ಸೂಜಿಯ ಹಾಗೆ. ಒಳಗೆ ಆಳಕ್ಕಿಳಿಯುತ್ತದೆ, ಮೇಲೆ ತೂತು ಮುಚ್ಚಿಕೊಳ್ಳುತ್ತದೆ, ಗರಿಯ ಕೆಳಗೆ ಕಣ್ಣಿಗೆ ಬೀಳುವುದೇ ಇಲ್ಲ. ಹೆಚ್ಚಿನ ಬೆಕ್ಕುಗಳ ಬಾಯಲ್ಲಿ ಪಾಶ್ಚುರೆಲ್ಲಾ ಮಲ್ಟೊಸಿಡಾ ಅನ್ನುವ ಬ್ಯಾಕ್ಟೀರಿಯಾ ಇರುತ್ತದೆ. ಬೆಕ್ಕಿಗೆ ಅದರಿಂದ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಹಕ್ಕಿಯ, ಅಳಿಲಿನ ರಕ್ತಕ್ಕೆ ಸೇರಿದರೆ ಒಂದೆರಡು ದಿನದೊಳಗೆ ಕೊಲ್ಲಬಲ್ಲದು. ಅದಕ್ಕೇ ವನ್ಯಜೀವಿ ಶುಶ್ರೂಷೆ ಮಾಡುವವರು ಬೆಕ್ಕು ಬಾಯಿ ಹಾಕಿದ ಪ್ರಾಣಿಯನ್ನು, ಮೈಮೇಲೆ ಗೀರು ಕಾಣದಿದ್ದರೂ, ತುರ್ತು ಕೇಸ್ ಅಂತಲೇ ನೋಡುತ್ತಾರೆ. ಬೇಕಾಗಿರುವುದು ಆಂಟಿಬಯಾಟಿಕ್, ಅದೂ ಕೆಲವೇ ಗಂಟೆಗಳೊಳಗೆ. ಲಾಗ್‌ನಲ್ಲಿ ಎರರ್ ಕಾಣಲಿಲ್ಲ ಅಂದಮಾತ್ರಕ್ಕೆ ಬಗ್ ಇಲ್ಲ ಅಂತ ನಮ್ಮಲ್ಲಿ ಯಾರಾದರೂ ಒಪ್ಪುತ್ತೀವಾ? ಇಲ್ಲಿ ಮಾತ್ರ ಒಪ್ಪಿಬಿಡುತ್ತೇವೆ.

ಎರಡನೆಯದು, 'ಮನೆಯಲ್ಲೇ ಏನಾದ್ರೂ ಕುಡಿಸಿ ನೋಡ್ಕೊಳ್ಳೋಣ'. ಇದು ಪ್ರೀತಿಯಿಂದ ಮಾಡುವ ಕೊಲೆ. ಗಾಬರಿಯಾದ ಹಕ್ಕಿಯ ಕೊಕ್ಕಿಗೆ ನೀರು ಬಿಟ್ಟರೆ ಅದು ಶ್ವಾಸನಾಳಕ್ಕೇ ಹೋಗಬಹುದು. ಹಾಲನ್ನು ಹಕ್ಕಿಗಳು ಅರಗಿಸಿಕೊಳ್ಳಲಾರವು, ಅಳಿಲು ಮರಿಗೆ ಹಸುವಿನ ಹಾಲು ಕೊಟ್ಟರೆ ಭೇದಿ. ನಮ್ಮ ಮಾತ್ರೆಯನ್ನು ಪುಡಿ ಮಾಡಿ ಕೊಡುವುದಂತೂ ಬೇಡವೇ ಬೇಡ. ಬದುಕಿ ಉಳಿದರೂ ಪಂಜರದಲ್ಲಿಟ್ಟು ಸಾಕುವ ಹಾಗಿಲ್ಲ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ.

ಮೂರನೆಯದು, ನನಗೆ ಅತ್ಯಂತ ಸಿಟ್ಟು ತರಿಸುವುದು: 'ಪ್ರಕೃತಿ ನಿಯಮ'. ಕಾಡಿನಲ್ಲಿ ಬೇಟೆ ಕಡಿಮೆಯಾದರೆ ಬೇಟೆಗಾರನ ಸಂಖ್ಯೆಯೂ ಕಡಿಮೆಯಾಗುತ್ತದೆ, ಅದು ನಿಯಮ. ನಮ್ಮ ಪುಟ್ಟಿಗೆ ದಿನಕ್ಕೆ ಎರಡು ಹೊತ್ತು ಬಟ್ಟಲು ತುಂಬುತ್ತದೆ, ಮೈ ಕಾದರೆ ಪಶುವೈದ್ಯರಿದ್ದಾರೆ, ಮಳೆ ಬಂದರೆ ನನ್ನ ಕಂಬಳಿ ಇದೆ. ಸುತ್ತಲಿನ ಹಕ್ಕಿಗಳೆಲ್ಲ ಖಾಲಿಯಾದರೂ ಪುಟ್ಟಿಗೆ ಉಪವಾಸವಿಲ್ಲ. ಇದರಲ್ಲಿ ಪ್ರಕೃತಿ ಎಲ್ಲಿ ಬಂತು? ಎರಡನೇ ಮಹಡಿಗೆ ಬೆಕ್ಕನ್ನು ತಂದವನು ನಾನು, ಬಾಲ್ಕನಿ ಬಾಗಿಲು ತೆಗೆದಿಟ್ಟವನೂ ನಾನು. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಅಂದಾಜಿನ ಪ್ರಕಾರ ಅಮೆರಿಕ ಒಂದರಲ್ಲೇ ಹೊರಗೆ ತಿರುಗುವ ಬೆಕ್ಕುಗಳು ವರ್ಷಕ್ಕೆ 130ರಿಂದ 400 ಕೋಟಿ ಹಕ್ಕಿಗಳನ್ನು ಕೊಲ್ಲುತ್ತವೆ. ಅದರಲ್ಲಿ ಹೆಚ್ಚಿನ ಪಾಲು ಒಡೆಯರಿಲ್ಲದ ಬೆಕ್ಕುಗಳದ್ದು, ನಿಜ. ಆದರೆ ನನ್ನ ಬಾಲ್ಕನಿಯ ಸೂರಕ್ಕಿಯ ಲೆಕ್ಕಕ್ಕೆ ಒಡೆಯ ಇದ್ದಾನೆ.

ಹಾಗಾದರೆ ಏನು ಮಾಡಬೇಕು? ಕಷ್ಟದ್ದೇನೂ ಅಲ್ಲ. ಮೊದಲು ಬೆಕ್ಕನ್ನು ಬೇರೆ ಕೋಣೆಗೆ ಕೂಡಿ. ಪ್ರಾಣಿಯನ್ನು ಬಟ್ಟೆಯಲ್ಲಿ ಮೆತ್ತಗೆ ಹಿಡಿದು, ಗಾಳಿಗೆ ತೂತು ಮಾಡಿದ ರಟ್ಟಿನ ಡಬ್ಬಿಯಲ್ಲಿಟ್ಟು ಮುಚ್ಚಿ. ಕತ್ತಲು, ಬೆಚ್ಚಗೆ, ಸದ್ದಿಲ್ಲದ ಜಾಗ. ಏನೂ ತಿನ್ನಿಸಬೇಡಿ, ಕುಡಿಸಬೇಡಿ. ಮತ್ತೆ ಮತ್ತೆ ತೆಗೆದು ನೋಡಬೇಡಿ, ಫೋಟೋ ಅಂತೂ ಬೇಡ. ಬಾವಲಿಯಾದರೆ ಬರಿಗೈಯಲ್ಲಿ ಮುಟ್ಟಲೇಬೇಡಿ. ಅಳಿಲೋ ಬಾವಲಿಯೋ ನಿಮ್ಮನ್ನು ಕಚ್ಚಿದರೆ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆದು ಡಾಕ್ಟರ ಹತ್ತಿರ ಹೋಗಿ. ಡಬ್ಬಿ ಮುಚ್ಚಿದ ಕೂಡಲೇ ಫೋನ್ ಮಾಡಿ. ಬೆಂಗಳೂರಿನಲ್ಲಾದರೆ ಕೆಂಗೇರಿ ಕಡೆ ಪೀಪಲ್ ಫಾರ್ ಅನಿಮಲ್ಸ್‌ನ ವನ್ಯಜೀವಿ ಆಸ್ಪತ್ರೆಯೇ ಇದೆ. ಬೇರೆ ಊರಲ್ಲಾದರೆ ಅರಣ್ಯ ಇಲಾಖೆ, ಇಲ್ಲವೇ ಪಶುವೈದ್ಯರು. 'ಬೆಕ್ಕು ಕಚ್ಚಿದೆ' ಅಂತ ಮೊದಲ ವಾಕ್ಯದಲ್ಲೇ ಹೇಳಿ. ಕೆಲವು ಸಲ ಅವರು 'ಉಳಿಯಲ್ಲ, ನೋವಿಲ್ಲದೆ ಕಳಿಸಿಕೊಡೋದೇ ಒಳ್ಳೇದು' ಅನ್ನಬಹುದು. ಶೂ ಡಬ್ಬಿಯಲ್ಲಿ ರಾತ್ರಿಯಿಡೀ ನರಳಿಸುವುದಕ್ಕಿಂತ ಅದು ಸಾವಿರ ಪಾಲು ಮೇಲು.

ಕೆಳಗೆ ಬಿದ್ದ ಮರಿಯನ್ನೆಲ್ಲ ಎತ್ತಿಕೊಂಡು ಓಡಬೇಕಿಲ್ಲ. ಗರಿ ಬಲಿತು ಹಾರಲು ಕಲಿಯುತ್ತಿರುವ ಮರಿಯನ್ನು ಅದರ ಅಪ್ಪ ಅಮ್ಮ ಹತ್ತಿರದಿಂದಲೇ ನೋಡಿಕೊಳ್ಳುತ್ತಿರುತ್ತವೆ. ಬೆಕ್ಕಿನ ಬಾಯಿಂದ ಬಂದದ್ದಕ್ಕೆ ಮಾತ್ರ ಈ ವಿನಾಯಿತಿ ಇಲ್ಲ.

ಬೆಕ್ಕನ್ನು ಹೊಡೆದು ಪ್ರಯೋಜನವಿಲ್ಲ, ಅದು ಬೆಕ್ಕು. ಇಂಗ್ಲೆಂಡಿನಲ್ಲಿ ನಡೆಸಿ 2021ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಮಾಂಸದ ಅಂಶ ಹೆಚ್ಚಿರುವ ಆಹಾರ ಕೊಟ್ಟಾಗ ಬೆಕ್ಕುಗಳು ಮನೆಗೆ ತರುವ ಬೇಟೆ 36% ಕಡಿಮೆಯಾಯಿತು. ದಿನಕ್ಕೆ ಐದು ಹತ್ತು ನಿಮಿಷ ಆಡಿಸಿದರೆ 25% ಕಡಿಮೆ. ಕುತ್ತಿಗೆಗೆ ಗಂಟೆ ಕಟ್ಟಿದ್ದರಿಂದ ಹೇಳಿಕೊಳ್ಳುವಂಥ ವ್ಯತ್ಯಾಸವೇ ಕಾಣಲಿಲ್ಲ! ಮನೆಯೊಳಗೇ ಇಟ್ಟುಕೊಂಡರೆ ಈ ಲೆಕ್ಕಗಳ ಗೊಡವೆಯೇ ಇಲ್ಲ.

ನಾನು ಬಾಲ್ಕನಿಗೆ ಬಲೆ ಹಾಕಿಸಿದೆ. ಪುಟ್ಟಿ ಮೂರು ದಿನ ಬಾಗಿಲ ಬಳಿ ಕೂತು ನನ್ನನ್ನು ಬೈದುಕೊಂಡಿತು, ಈಗ ಹಳೇ ಸಾಕ್ಸ್ ಹಿಂದೆ ಓಡುತ್ತಿದೆ. ಎದುರಿನ ದಾಸವಾಳಕ್ಕೆ ಇನ್ನೊಂದು ಸೂರಕ್ಕಿ ಬರುತ್ತಿದೆ. ಅದು ಸತ್ತದ್ದರ ಜೋಡಿಯೋ ಏನೋ.

ಬೆಕ್ಕು ಸಾಕಿದವರೆಲ್ಲ ನಿಮ್ಮೂರಿನಲ್ಲಿ ವನ್ಯಜೀವಿಗೆ ಚಿಕಿತ್ಸೆ ಕೊಡುವವರ ನಂಬರ್ ಇವತ್ತೇ ಹುಡುಕಿ ಮೊಬೈಲ್‌ನಲ್ಲಿ ಸೇವ್ ಮಾಡಿಕೊಳ್ಳಿ. ಹಕ್ಕಿ ಕೈಗೆ ಬಂದ ಮೇಲೆ ಹುಡುಕೋಣ ಅಂದುಕೊಂಡರೆ ನನ್ನ ಹಾಗೇ ಆಗುತ್ತದೆ.