ಅಮ್ಮನ ಆತಂಕಕ್ಕೊಂದು ಡಬ್ಬ

ಗೋಡೆಗೆ ಒರಗಿ ನಿಂತ ಮಗು, ತಲೆಯ ಮೇಲೊಂದು ಸ್ಕೇಲು, ಗೋಡೆಯಲ್ಲಿ ಪೆನ್ಸಿಲ್ ಗೆರೆ. ಹೋದ ಸಲದ ಗೆರೆಯಿಂದ ಮಗು ಒಂದಿಷ್ಟೂ ಮೇಲೆ ಹೋಗಿಲ್ಲ. ಪಕ್ಕದ ಮನೆ ಹುಡುಗ ಮಾತ್ರ ನೆಟ್ಟಗೆ ಉದ್ದವಾಗಿದ್ದಾನೆ. ಆಗ ಟೀವಿ ನಮಗೆ ತೋರಿಸುವುದು ಅಮ್ಮನ ಮುಖವನ್ನು. ಡಬ್ಬ ಇನ್ನೂ ಪರದೆಗೆ ಬಂದೇ ಇಲ್ಲ, ಮಾರಾಟ ಮಾತ್ರ ಅಷ್ಟರಲ್ಲೇ ಮುಗಿದಿರುತ್ತದೆ.

ಮೊದಲು ಕೊರತೆಯನ್ನು ಹುಟ್ಟಿಸು, ಆಮೇಲೆ ಅದಕ್ಕೆ ಮದ್ದು ಮಾರು. ಜಾಹೀರಾತಿನ ಕಸುಬಿನಲ್ಲಿ ಇದಕ್ಕಿಂತ ಬಾಳಿಕೆ ಬಂದ ತಂತ್ರ ಇನ್ನೊಂದಿಲ್ಲ. ಹಾರ್ಲಿಕ್ಸ್ ಕಥೆಯನ್ನೇ ನೋಡಿ. ಇಂಗ್ಲೆಂಡಿನಿಂದ ಅಮೆರಿಕಕ್ಕೆ ಹೋದ ಹಾರ್ಲಿಕ್ ಸಹೋದರರು 1873ರಲ್ಲಿ ಶುರು ಮಾಡಿದ ಕಂಪನಿ ಅದು. 1930ರ ದಶಕದ ಬ್ರಿಟನ್ನಿನಲ್ಲಿ ಅದರ ಜಾಹೀರಾತುಗಳು ಒಂದು ಹೊಸ ಕಾಯಿಲೆಯನ್ನೇ ಕಂಡುಹಿಡಿದವು. ನಿದ್ದೆಯಲ್ಲಿ ದೇಹ ಉಪವಾಸ ಬೀಳುತ್ತದಂತೆ, ಬೆಳಗಿನ ಸುಸ್ತು ಸಿಡುಕಿಗೆಲ್ಲ ಆ ‘ರಾತ್ರಿ ಉಪವಾಸ’ವೇ ಕಾರಣವಂತೆ! ಯಾವ ವೈದ್ಯಶಾಸ್ತ್ರದಲ್ಲೂ ಇಲ್ಲದ ಈ ಕಾಯಿಲೆ ಹುಟ್ಟಿದ್ದು ಜಾಹೀರಾತು ಏಜೆನ್ಸಿಯ ಮೇಜಿನ ಮೇಲೆ. ಜನ ನಂಬಿದರು, ಮಲಗುವ ಮುಂಚೆ ಒಂದು ಲೋಟ ಕುಡಿದರು.

ಅಲ್ಲಿ ನಿದ್ದೆಗೆಂದು ಮಾರಿದ ಅದೇ ಹೆಸರು ಇಲ್ಲಿ ಮಕ್ಕಳನ್ನು ಎಬ್ಬಿಸಿ, ಓಡಿಸಿ, ಪರೀಕ್ಷೆಯಲ್ಲಿ ಗೆಲ್ಲಿಸುವ ಶಕ್ತಿಯಾಯಿತು. ನಮ್ಮ ಕಡೆ ಅದಕ್ಕೂ ಮುಂಚೆ ಅದು ರೋಗಿಗಳ ಆಹಾರ. ಆಸ್ಪತ್ರೆಗೆ ಯಾರನ್ನಾದರೂ ನೋಡಲು ಹೊರಟರೆ ಕೈಯಲ್ಲಿ ಮೂಸಂಬಿ ಮತ್ತು ಹಾರ್ಲಿಕ್ಸ್ ಬಾಟ್ಲಿ ಇರಲೇಬೇಕಿತ್ತು. ದೇಶಕ್ಕೊಂದು ಆತಂಕ, ಆತಂಕಕ್ಕೊಂದು ಲೇಬಲ್. 2008ರಲ್ಲಿ ಬಾಂಗ್ಲಾದೇಶಕ್ಕೆಂದು ಮಾಡಿದ್ದ ಒಂದು ಹಾರ್ಲಿಕ್ಸ್ ಜಾಹೀರಾತು ನೇಪಾಳಿ ಚಾನೆಲ್ ಮೂಲಕ ಬ್ರಿಟನ್ನಿನಲ್ಲಿ ಪ್ರಸಾರವಾಯಿತು. ಇದನ್ನು ಕುಡಿದರೆ ಮಕ್ಕಳು ಎತ್ತರವಾಗುತ್ತಾರೆ, ಗಟ್ಟಿಯಾಗುತ್ತಾರೆ, ಚುರುಕಾಗುತ್ತಾರೆ ಎಂಬ ಮಾತಿಗೆ ಆಧಾರ ಸಾಲದೆಂದು ಅಲ್ಲಿನ ಜಾಹೀರಾತು ನಿಯಂತ್ರಣ ಸಂಸ್ಥೆ ಅದನ್ನು ನಿಲ್ಲಿಸಿತು. ಲಂಡನ್ನಿನ ತಾಯಿಗೆ ಹೇಳಬಾರದ ಮಾತನ್ನು ಢಾಕಾದ ತಾಯಿಗೆ, ದಾವಣಗೆರೆಯ ತಾಯಿಗೆ ಹೇಳಬಹುದೇ?

ಉಳಿದ ತಂತ್ರಗಳು ಈ ಭಯಕ್ಕೆ ಊರುಗೋಲು. ಬಿಳಿ ಕೋಟು ತೊಟ್ಟ ನಟ ಬರುತ್ತಾನೆ, ನಾವು ಡಾಕ್ಟರೆಂದು ತಿಳಿಯುತ್ತೇವೆ. ಅನಿಮೇಷನ್ನಿನಲ್ಲಿ ಮೂಳೆಗಳು ಹೊಳೆಯುತ್ತವೆ. 1972ರಲ್ಲಿ ಶುರುವಾದ ಬೋರ್ನ್‌ವಿಟಾ ಕ್ವಿಜ್ ಒಳ್ಳೆಯ ಕಾರ್ಯಕ್ರಮವೇ, ಅನುಮಾನವಿಲ್ಲ. ಆದರೆ ಜಾಣ ಮಕ್ಕಳ ಮುಖದ ಪಕ್ಕದಲ್ಲಿ ವರ್ಷಗಟ್ಟಲೆ ಒಂದೇ ಹೆಸರು ಕಂಡಾಗ ಜಾಣತನವೂ ಆ ಡಬ್ಬದಿಂದಲೇ ಬಂತೆಂದು ಮನಸ್ಸು ತಾನೇ ಲೆಕ್ಕ ಹಾಕಿಕೊಳ್ಳುತ್ತದೆ. ನನಗೆ ಎಲ್ಲಕ್ಕಿಂತ ಸಿಟ್ಟು ಬರಿಸುವುದು ‘ಹಾಲಿನಲ್ಲಿ ಬೆರೆಸಿ ಕೊಡಿ’ ಎಂಬ ಸಣ್ಣಕ್ಷರದ ಸಾಲು. ಬೆಳೆಸುವುದು ಬಹುಮಟ್ಟಿಗೆ ಹಾಲು, ಹೆಸರು ಪುಡಿಗೆ. ಆ ಪುಡಿಯಲ್ಲಿರುವುದಾದರೂ ಏನು? 2023ರ ಏಪ್ರಿಲ್‌ನಲ್ಲಿ ಒಬ್ಬ ಯುವಕ ಬೋರ್ನ್‌ವಿಟಾದ ಸಕ್ಕರೆಯ ಬಗ್ಗೆ ವಿಡಿಯೊ ಮಾಡಿದ, ಲೀಗಲ್ ನೋಟಿಸ್ ಬಂತು, ಅಳಿಸಿದ. ಅದೇ ವರ್ಷದ ಕೊನೆಗೆ ಕಂಪನಿ, ಸೇರಿಸುವ ಸಕ್ಕರೆಯನ್ನು ನೂರು ಗ್ರಾಮಿಗೆ 37.4 ಗ್ರಾಮಿನಿಂದ 32.2 ಗ್ರಾಮಿಗೆ ಇಳಿಸಿತು. ಇಳಿಸಿದ ಮೇಲೂ ಸುಮಾರು ಮೂರನೇ ಒಂದು ಭಾಗ ಸಕ್ಕರೆಯೇ.

2024ರ ಏಪ್ರಿಲ್‌ನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯ ಆನ್‌ಲೈನ್ ಅಂಗಡಿಗಳಿಗೆ ಈ ಪಾನೀಯಗಳನ್ನು ‘ಹೆಲ್ತ್ ಡ್ರಿಂಕ್’ ಪಟ್ಟಿಯಿಂದ ತೆಗೆಯಲು ಹೇಳಿತು. 2006ರ ಆಹಾರ ಸುರಕ್ಷತಾ ಕಾಯ್ದೆಯಲ್ಲಿ ಅಂಥ ವರ್ಗವೇ ಇಲ್ಲ. ಹಾರ್ಲಿಕ್ಸ್ ಕೂಡಲೇ ‘ಫಂಕ್ಷನಲ್ ನ್ಯೂಟ್ರಿಷನಲ್ ಡ್ರಿಂಕ್’ ಆಯಿತು. ಆದರೆ ಮನೆಗಳಲ್ಲಿ ಅರ್ಧ ಶತಮಾನದಿಂದ ಬೇರುಬಿಟ್ಟ ಅಂಜಿಕೆಯನ್ನು ಯಾವ ಸುತ್ತೋಲೆ ಕೀಳಬಲ್ಲದು? ದಿನಗೂಲಿಯಲ್ಲಿ ಬದುಕುವ ತಾಯಿ ಮೊಟ್ಟೆ, ಬೇಳೆಯ ದುಡ್ಡನ್ನು ಹಿಡಿದಿಟ್ಟು ಸಣ್ಣ ಸ್ಯಾಶೆ ಕೊಳ್ಳುತ್ತಾಳೆ. ಅದೂ ಎಲ್ಲಿ? ನೂರು ಗ್ರಾಮಿಗೆ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುವ ರಾಗಿ ಬೆಳೆಯುವ ನಾಡಿನಲ್ಲಿ, ಕೂಸಿಗೆ ರಾಗಿ ಸರಿ ತಿನ್ನಿಸಿ ಬೆಳೆಸಿದ ಮನೆಗಳಲ್ಲಿ. ಸರ್ಕಾರಿ ಶಾಲೆಗಳಲ್ಲಿ 2024ರಿಂದ ಹಾಲಿನ ಜೊತೆ ರಾಗಿ ಮಾಲ್ಟ್ ಕೊಡುತ್ತಿದ್ದಾರೆ. ಅದಕ್ಕೆ ಸಿನಿಮಾ ತಾರೆಯರ ಜಾಹೀರಾತಿಲ್ಲ, ಯಾವ ಅಮ್ಮನನ್ನೂ ಹೆದರಿಸದೆ ಅದು ಮಕ್ಕಳ ಲೋಟಕ್ಕೆ ಬರುತ್ತದೆ.

ಕಾನೂನು ಇಲ್ಲವೆಂದಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದಾರಿ ತಪ್ಪಿಸುವ ಜಾಹೀರಾತಿಗೆ ಮೊದಲ ಸಲ 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಹಾಕಬಹುದು. ಜಾಹೀರಾತು ಯಾವ ಭಾಷೆಯಲ್ಲಿದೆಯೋ ಅದೇ ಭಾಷೆಯಲ್ಲಿ ಷರತ್ತುಗಳೂ ಇರಬೇಕೆಂದು 2022ರ ಮಾರ್ಗಸೂಚಿ ಹೇಳುತ್ತದೆ. ಹಾಗಿದ್ದರೆ ಕನ್ನಡದಲ್ಲಿ ಆಸೆ ತೋರಿಸಿ ಇಂಗ್ಲಿಷಿನ ಇರುವೆಗಾತ್ರದ ಅಕ್ಷರಗಳಲ್ಲಿ ಷರತ್ತು ಓಡಿಸುವ ಜಾಹೀರಾತು ಕಂಡಾಗೆಲ್ಲ ನಾವು ದೂರು ಕೊಡಬೇಕು. 1915ಕ್ಕೆ ಫೋನ್ ಮಾಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಸಿಗುತ್ತದೆ. ಶಾಲೆಯ ಮುಖ್ಯೋಪಾಧ್ಯಾಯರಲ್ಲೂ ಒಂದು ಕೋರಿಕೆ: ಉಚಿತ ಸ್ಯಾಂಪಲ್ ಹಿಡಿದು ಗೇಟಿಗೆ ಬರುವ ಕಂಪನಿಯವರನ್ನು ದಯವಿಟ್ಟು ತರಗತಿಯೊಳಗೆ ಬಿಡಬೇಡಿ.