ಹೊಸ್ತಿಲೊಳಗಣ ಕನ್ನಡ

ಕುಣಿಕೋಣೂರಿನ ಕನ್ನಡಿಗರಾದ ನಾವು ಮಹಾರಾಷ್ಟ್ರದಲ್ಲಿ ಭಾಷಾ ಅಲ್ಪಸಂಖ್ಯಾತರು. ಅಂಥವರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣ ದೊರೆಯುವಂತೆ ಅನುಕೂಲ ಕಲ್ಪಿಸಬೇಕೆಂದು ಸಂವಿಧಾನದ 350ಎ ವಿಧಿಯು 1956ರಿಂದಲೇ ಹೇಳುತ್ತಿದೆ. ಆ ಹಕ್ಕನ್ನು ನಾವು ಕೇಳುತ್ತ ಬಂದಿದ್ದೇವೆ, ಮುಂದೆಯೂ ಕೇಳಲೇಬೇಕು. ಆದರೆ ಶಾಲೆಯಲ್ಲಿ ಉಳಿಯಬೇಕೆಂದು ನಾವು ಹಂಬಲಿಸುವ ಈ ಕನ್ನಡ, ನಮ್ಮದೇ ಮನೆಯಲ್ಲಿ ಮಗುವಿನ ಕಿವಿಗೆ ಯಾವ ರೂಪದಲ್ಲಿ ಬೀಳುತ್ತಿದೆ?

ಬೆಳಗಿನಿಂದ ರಾತ್ರಿಯವರೆಗೆ ಮಗುವಿನೊಡನೆ ಆಡಿದ ಮಾತುಗಳನ್ನು ಪ್ರಾಮಾಣಿಕವಾಗಿ ನೆನೆದು ನೋಡೋಣ. ಏಳು, ಓದು, ದನಕ್ಕೆ ಮೇವು ಹಾಕು, ಎದುರು ಮಾತಾಡಬೇಡ. ಅಪ್ಪಣೆ ಮುಗಿದಲ್ಲಿ ಬೈಗುಳ ಮೊದಲಾಗುತ್ತದೆ. ಮಗು ಅಲ್ಲಿಯೇ ನಿಂತು ಕೇಳುತ್ತಿರುವಾಗ ‘ಇವನು ದಡ್ಡ’, ‘ಇವಳಿಗೆ ಏನೂ ಬಾರದು’ ಎಂದು ನೆಂಟರ ಮುಂದೆ ತೀರ್ಪು ಕೊಡುತ್ತೇವೆ. ಅದೇ ಮಗು ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ನಾಲ್ಕು ಸಾಲು ಒಪ್ಪಿಸಿದರೆ ಚಪ್ಪಾಳೆ ತಟ್ಟುತ್ತೇವೆ. ಹೊಗಳಿಕೆ ಪರಭಾಷೆಯ ಪಾಲಿಗೆ, ನಿಂದೆ ತಾಯ್ನುಡಿಯ ಪಾಲಿಗೆ ಎಂಬ ಈ ಹಂಚಿಕೆಯನ್ನು ಯಾವ ಸರಕಾರವೂ ಮಾಡಿಲ್ಲ, ಮಾಡಿದವರು ನಾವೇ. ಅವಮಾನ ಕೇಳಿದ ಭಾಷೆಯಲ್ಲಿಯೇ ಮಗು ಮನಸ್ಸು ಬಿಚ್ಚಬೇಕೆಂದು ಯಾವ ಮುಖದಿಂದ ಬಯಸೋಣ?

‘ನಾವೂ ಹೊಡೆತ ತಿಂದೇ ಬೆಳೆದವರು’ ಎಂದು ಹಿರಿಯರು ಹೇಳುತ್ತಾರೆ. ನಿಜ. ಆ ಹೊಡೆತ ನಮಗೆ ಕಲಿಸಿದ್ದೇನು? ಅಪ್ಪ ಬರುವ ಸಪ್ಪಳ ಕೇಳಿ ಪುಸ್ತಕ ತೆರೆಯುವುದನ್ನು, ಒಡೆದ ಕೊಡವನ್ನು ಬಚ್ಚಿಡುವುದನ್ನು. ಭಯದಿಂದ ಸುಳ್ಳು ಹುಟ್ಟಿತೇ ಹೊರತು ಶಿಸ್ತು ಹುಟ್ಟಲಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಮು ಮಕ್ಕಳಿಗೆ ದೈಹಿಕ ಶಿಕ್ಷೆಯನ್ನಷ್ಟೇ ಅಲ್ಲ, ಮಾನಸಿಕ ಕಿರುಕುಳವನ್ನೂ ಕೊಡಬಾರದೆಂದು ನಿಷೇಧಿಸಿದೆ. ಶಿಕ್ಷಕರಿಗೆ ಸಲ್ಲದ ನಡತೆ ತಂದೆತಾಯಿಗೆ ಹೇಗೆ ಸಂದೀತು?

ಜತ್ತ ಬರದ ಸೀಮೆ. ಹೊಲ, ದನ, ನೀರು, ಕೂಲಿ ಎಂದು ದಿನವಿಡೀ ದುಡಿದವರ ತಾಳ್ಮೆ ಸಂಜೆಗೆ ಸವೆದಿರುತ್ತದೆ. ಕಬ್ಬು ಕಡಿಯಲು ದೂರ ಹೋದವರ ಮಕ್ಕಳು ಅಜ್ಜಿಯ ಆಸರೆಯಲ್ಲಿ ತಿಂಗಳುಗಳನ್ನು ಕಳೆಯುತ್ತಾರೆ. ದಣಿದ ತಾಯಿಯನ್ನು ದೂಷಿಸುವುದು ನಮ್ಮ ಉದ್ದೇಶವಲ್ಲ. ಆದರೆ ಗೌರವ ತೋರಲು ಹಣ ಬೇಕಿಲ್ಲ, ಬಿಡುವೂ ಹೆಚ್ಚು ಬೇಕಿಲ್ಲ. ಕೇಳಿದ್ದನ್ನೆಲ್ಲ ಕೊಡಿಸುವುದು ಗೌರವವಲ್ಲ. ಕಾರಣ ತಿಳಿಸಿ ‘ಬೇಡ’ ಎನ್ನುವುದು ಗೌರವ. ಮಗುವಿನ ಮಾತನ್ನು ಮುಗಿಯುವವರೆಗೆ ಕೇಳುವುದು, ತಪ್ಪನ್ನು ನಾಲ್ವರ ಮುಂದೆ ಆಡಿಕೊಳ್ಳದೆ ಮರೆಯಲ್ಲಿ ತಿದ್ದುವುದು, ನಮ್ಮಿಂದ ತಪ್ಪಾದಾಗ ‘ತಪ್ಪಾಯಿತು ಮಗಾ’ ಎನ್ನುವುದು, ಇಷ್ಟು ಸಾಕು.

ನಮ್ಮ ನೆರೆಯ ಮಂಗಳವೇಢೆ ಬಸವಣ್ಣನವರ ನೆನಪನ್ನು ಹೊತ್ತ ನೆಲ. ಎದುರಿನವರನ್ನು ಕೀಳಾಗಿ ಕಾಣದಿರುವುದನ್ನು, ಮಾತಿನಲ್ಲಿಯೇ ಆಚಾರವನ್ನು ಕಾಣುವುದನ್ನು ಕಲಿಸಿದ ಶರಣರ ಪರಂಪರೆ ನಮ್ಮದು. ಜಯಂತಿಯ ಮೆರವಣಿಗೆಯಲ್ಲಿ ಅದನ್ನು ಕೊಂಡಾಡಿ ಬಂದು ಹೊಸ್ತಿಲು ದಾಟುತ್ತಲೇ ಮಗುವಿನ ಮೇಲೆ ಹರಿಹಾಯುವುದಾದರೆ, ಆ ಪರಂಪರೆಯನ್ನು ನಮ್ಮದೆನ್ನಲು ನಮಗೆ ಅಧಿಕಾರವೆಲ್ಲಿ?

ಸಮ್ಮೇಳನಗಳಲ್ಲಿ ನಾವು ಸರಕಾರಗಳಿಗೆ ಠರಾವು ಕಳುಹಿಸುತ್ತೇವೆ. ಈ ಸಲ ಒಂದು ಠರಾವನ್ನು ನಮ್ಮ ಮೇಲೆಯೇ ಹೊರಿಸಿಕೊಳ್ಳೋಣ: ನಮ್ಮ ಮಕ್ಕಳನ್ನು ಕನ್ನಡದಲ್ಲಿ ಹಳಿಯುವುದಿಲ್ಲ, ದಿನಕ್ಕೊಮ್ಮೆಯಾದರೂ ಕನ್ನಡದಲ್ಲಿ ಮೆಚ್ಚಿ ಮಾತನಾಡುತ್ತೇವೆ. ಇದಕ್ಕೆ ಮುಂಬಯಿಯ ಒಪ್ಪಿಗೆ ಬೇಕಿಲ್ಲ, ಬೆಂಗಳೂರಿನ ಅನುದಾನವೂ ಬೇಕಿಲ್ಲ. ಇಂದಿನ ರಾತ್ರಿಯ ಊಟದ ಹೊತ್ತಿಗೇ ಇದು ಜಾರಿಗೆ ಬರಲಿ.