ಪೋರ್ಟಿನ ಸಾಮರ್ಥ್ಯ ಪೋರ್ಟಿನ ಪಕ್ಕದಲ್ಲೇ ಇರಲಿ
ಐಬಿಎಂ 1987ರಲ್ಲಿ ತಂದ ವಿಜಿಎ ಪೋರ್ಟಿಗೆ ಮೂರು ಸಾಲಿನಲ್ಲಿ 15 ತೂತು, ಎರಡೂ ಬದಿಗೆ ತಿರುಪು. ಚಿತ್ರ ಮಸುಕಾಗಿದ್ದರೂ ಅದರ ಕೆಲಸದ ಬಗ್ಗೆ ಯಾರಿಗೂ ಗೊಂದಲವಿರಲಿಲ್ಲ. ಈಗಿನ ಯುಎಸ್‌ಬಿ-ಸಿ ಹಾಗಲ್ಲ. ಒಂದು ಲ್ಯಾಪ್‌ಟಾಪಿನಲ್ಲಿ ಮಾನಿಟರಿಗೆ ಚಿತ್ರ ಕಳಿಸುವ ಅದೇ ಕಿಂಡಿ ಇನ್ನೊಂದರಲ್ಲಿ ಚಾರ್ಜಿಂಗಿಗೂ ಪೆನ್‌ಡ್ರೈವಿಗೂ ಸೀಮಿತ. ಎಚ್‌ಡಿಎಂಐ ಸ್ಥಿತಿಯೂ ಅಷ್ಟೇ. 2.1 ಆವೃತ್ತಿ ಸೆಕೆಂಡಿಗೆ 48 ಗಿಗಾಬಿಟ್‌ವರೆಗೆ ಸಾಗಿಸಬಲ್ಲದು, ಆದರೆ ಆ ವೇಗ ಕಡ್ಡಾಯವಲ್ಲ. 18 ಗಿಗಾಬಿಟ್‌ಗೇ ನಿಲ್ಲುವ ಪೋರ್ಟೂ ಅದೇ ಹೆಸರು ಹೊರಬಹುದು. ಹಳೆಯ 1.4 ಪೋರ್ಟಿಗೆ 4ಕೆ ಮಾನಿಟರ್ ಸಿಕ್ಕಿಸಿದರೆ 30 ಹರ್ಟ್ಸ್ ಮಾತ್ರ. ಮೌಸಿನ ಬಾಣ ತಡವರಿಸುತ್ತದೆ, ದುಡ್ಡು ಕೊಟ್ಟವರು ಪರದೆಯೇ ಕೆಟ್ಟಿದೆ ಅಂದುಕೊಳ್ಳುತ್ತಾರೆ.

ಅಡಾಪ್ಟರ್ ಹಾಕಿದರಾಯಿತು ಎನ್ನುವವರಿದ್ದಾರೆ. ಪೋರ್ಟಿನಿಂದ ವಿಡಿಯೊ ಸಂಕೇತವೇ ಹೊರಡದಿದ್ದರೆ ಸಾದಾ ಅಡಾಪ್ಟರ್ ಅದನ್ನು ಹುಟ್ಟಿಸಲಾರದು. ಅದಕ್ಕೆ ತನ್ನದೇ ಗ್ರಾಫಿಕ್ಸ್ ಚಿಪ್ ಇರುವ, ದುಬಾರಿಯಾದ ಸಾಧನ ಬೇಕು. ವಿವರವೆಲ್ಲ ಕೈಪಿಡಿಯಲ್ಲಿದೆ ಎಂಬುದು ಇನ್ನೊಂದು ವಾದ. ನಿಜ, ಆದರೆ ಅಂಗಡಿಯಲ್ಲಿ ನಿಂತು ಆರಿಸುವವರ ಕೈಯಲ್ಲಿ ಕೈಪಿಡಿ ಇರುವುದಿಲ್ಲ. ಚಾರ್ಜರಿನ ಮೇಲೆ ವ್ಯಾಟ್, ವೋಲ್ಟ್ ಅಚ್ಚಾಗಿರುತ್ತದಲ್ಲ, ಹಾಗೆಯೇ ಇಂಥ ಪ್ರತಿ ಪೋರ್ಟಿನ ಪಕ್ಕದಲ್ಲಿ ‘4ಕೆ 60’ ಎಂದೋ ‘ವಿಡಿಯೊ ಇಲ್ಲ’ ಎಂದೋ ಅಚ್ಚಾಗಬೇಕು. ಜಾಗವಿಲ್ಲವೆಂಬ ನೆಪ ನಿಲ್ಲದು. ಪ್ರೊಸೆಸರ್ ಸ್ಟಿಕರಿಗೆ ಕೀಬೋರ್ಡಿನ ಪಕ್ಕ ಜಾಗ ಸಿಗುತ್ತದೆ.